ಮಾವಶಿ ಹಾಕಿಸಿದ ಒಳಚಿಲಕ

ಹೋದ ತಿಂಗಳು ಬಾದಾಮಿ ಹತ್ತಿರದ ಒಂದು ರೆಸಾರ್ಟಿಗೆ ರಜೆ ಕಳೆಯಲು ಹೋಗಿದ್ದೆವು. ಕೋಣೆಯ ಬಾಗಿಲ ಹಿಡಿಕೆಗೆ ಒಂದು ರಟ್ಟಿನ ತುಂಡು ನೇತುಹಾಕಿದ್ದರು. ಮೇಲೆ ನಿದ್ದೆ ಮಾಡುತ್ತಿರುವ ಚಂದ್ರನ ಚಿತ್ರ, ಕೆಳಗೆ ಕೆಂಪಕ್ಷರದಲ್ಲಿ 'ದಯವಿಟ್ಟು ತೊಂದರೆ ಕೊಡಬೇಡಿ'. ಇದನ್ನು ಹೊರಗೆ ತೂಗುಬಿಟ್ಟರೆ ಸಾಕು ಮೇಡಂ, ನೀವು ಏಳುವತನಕ ಯಾರೂ ಬಾಗಿಲು ಬಡಿಯುವುದಿಲ್ಲ ಎಂದು ಅಲ್ಲಿಯವರು ವಿವರಿಸತೊಡಗಿದಾಗ ನನಗೆ ನಗು ಬಂತು. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ಗಂಡ ಗಾಬರಿಯಿಂದ ಮುಖ ನೋಡಿದರು. "ಮಾವಶಿ" ಎಂದೆ. ಅಷ್ಟು ಸಾಕಾಯಿತು, ಅವರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಪಾಪ, ರೆಸಾರ್ಟಿನವರು ನಮ್ಮನ್ನು ಏನೆಂದುಕೊಂಡರೋ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ನಮ್ಮ ಮದುವೆಯೂ ಹೊಸತಾಗಿದ್ದಾಗ, ನಾವು ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ನನ್ನ ಗಂಡನಿಗೆ ಅಲ್ಲಿ ಮಾಸ್ತರಿಕೆ. ನಾನು ಯಾವಗಲ್ ಎಂಬ ಹಳ್ಳಿಯ ಒಕ್ಕಲುತನದ ಮನೆಯಲ್ಲಿ ಬೆಳೆದವಳು. ಟ್ರ್ಯಾಕ್ಟರಿನ ಸದ್ದು ಗೊತ್ತು, ಮಗ್ಗದ ಸದ್ದು ಗೊತ್ತಿರಲಿಲ್ಲ. ಮೊದಲ ದಿನ ನಸುಕಿನಲ್ಲಿ ಇಡೀ ಓಣಿ ಒಮ್ಮೆಲೇ ಖಟಖಟ ಎನ್ನತೊಡಗಿದಾಗ ಹೌಹಾರಿ ಎದ್ದು ಕೂತಿದ್ದೆ. ಸ್ವಲ್ಪ ದಿನಕ್ಕೆ ಅದು ಎಷ್ಟು ರೂಢಿಯಾಯಿತೆಂದರೆ ತವರಿಗೆ ಹೋದರೆ ಬೆಳಗಾದದ್ದೇ ತಿಳಿಯುತ್ತಿರಲಿಲ್ಲ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಾಕೆಯನ್ನು ಓಣಿಯೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ನಾನೂ ಹಾಗೇ ಕರೆದೆ. ಎತ್ತರದ ದನಿ, ಅಗಲ ಕುಂಕುಮ. ಯಾರನ್ನಾದರೂ ಊಟಕ್ಕೆ ಕೂರಿಸದಿದ್ದರೆ ಆಕೆಗೆ ದಿನ ಹೋಗುತ್ತಿರಲಿಲ್ಲ. ಮನೆಯೆಂದರೆ ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಒಂದು ಬದಿಗೆ ಮಗ್ಗದ ಕೋಣೆ. ಆ ಕೋಣೆಯ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಮಾವಶಿಯ ಗಂಡ ನಸುಕಿನಿಂದ ಸಂಜೆಯವರೆಗೆ ಸೀರೆ ನೇಯುತ್ತಿದ್ದರು. ಅವರನ್ನು ನಾವು ಕಾಕಾ ಎನ್ನುತ್ತಿದ್ದೆವು. ಮಾತು ಕಡಿಮೆ. ಇಬ್ಬರ ಪಾಲಿನದನ್ನೂ ಮಾವಶಿಯೇ ಆಡಿ ಮುಗಿಸುತ್ತಿದ್ದಳು.

ಆ ಮನೆಯ ದೊಡ್ಡಸ್ತಿಕೆ ಎಂದರೆ ರಜೆಗೆ ಬರುವ ಮಂದಿ. ಕೋಟೆ ನೋಡಲು, ಕಾಲಕಾಲೇಶ್ವರನ ಗುಡ್ಡ ಹತ್ತಲು ಬಂದವರಿಗೆ ಹಿಂದೆ ಗುಡಿಯ ಕಟ್ಟೆ, ಇಲ್ಲವೆ ನೇಕಾರರ ಪಡಸಾಲೆಯೇ ಗತಿಯಾಗಿತ್ತು. ಮಾವಶಿಯ ಅತ್ತೆಯ ಕಾಲದಲ್ಲಿ ಹುಬ್ಬಳ್ಳಿಯ ಒಂದು ಕುಟುಂಬ ಕೋಟೆ ಹತ್ತಿ ಇಳಿಯುವಷ್ಟರಲ್ಲಿ ರೋಣದ ಕೊನೆಯ ಬಸ್ಸು ಹೋಗಿಬಿಟ್ಟಿತ್ತಂತೆ. ಆ ರಾತ್ರಿ ಈ ಪಡಸಾಲೆಯಲ್ಲಿ ಮಲಗಿದವರು ಮುಂದೆ ವರ್ಷವರ್ಷವೂ ದಸರಾ ರಜೆಗೆ ಬಂದರು. ಸಾಲಾಗಿ ಕೌದಿ ಹಾಸಿ ದೊಡ್ಡವರು, ಸಣ್ಣವರು, ಮನೆಯವರು, ಬಂದವರು ಎಲ್ಲ ಅಡ್ಡಾಗುವುದು. ಮಗ್ಗ ಶುರುವಾದ ಕೂಡಲೇ ಏಳುವುದು. ಖಡಕ್ ರೊಟ್ಟಿ ಕಟ್ಟಿಕೊಂಡು ಗುಡ್ಡ ಹತ್ತುವುದು. ಹೋಗುವಾಗ ಮನಸ್ಸಿದ್ದರೆ ಒಂದು ಸೀರೆ ಕೊಳ್ಳುವುದು. ಮಾವಶಿ ಅವರನ್ನು 'ನಮ್ಮ ಹುಬ್ಬಳ್ಳಿಯವರು' ಎನ್ನುವಾಗ ಹುಬ್ಬಳ್ಳಿಯಲ್ಲಿ ಬೇರೆ ಯಾರೂ ಇಲ್ಲವೇನೋ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಬಸ್ ನಿಲ್ದಾಣದ ಹತ್ತಿರ ಹೊಸ ಲಾಡ್ಜು ಎದ್ದಿತು. ಅದೇ ವರ್ಷ ಹುಬ್ಬಳ್ಳಿಯವರ ಮಗನಿಗೆ ಮದುವೆಯಾಗಿತ್ತು. ಮುದುಕರಿಗೆ ಮೊಣಕಾಲು ನೋವು, ಅದಕ್ಕೆ ದಸರೆಗೆ ಗಂಡಹೆಂಡತಿ ಇಬ್ಬರೇ ಬಂದರು. ಬಂದವರು ಮಾವಶಿಯ ಮನೆಯಲ್ಲಿ ಊಟ ಮಾಡಿದರು, ಸೀರೆಯನ್ನೂ ಹೊಗಳಿದರು. ಆಮೇಲೆ ಮಗ ನೆಲ ನೋಡುತ್ತಾ, ಸಾಮಾನು ಲಾಡ್ಜಿನಲ್ಲಿ ಇಟ್ಟು ಬಂದಿದ್ದೇವೆ ಎಂದ. ಮಾವಶಿಯ ದನಿ ಅಡಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಹೋದ ಮೇಲೆ ಹಾಸಲೆಂದು ಬಿಸಿಲಿಗೆ ಹಾಕಿದ್ದ ಕೌದಿಗಳನ್ನು ಒಂದೊಂದಾಗಿ ಮಡಚಿಟ್ಟಳು. ಅತ್ತೆ ಕೂಡಿಸಿದ ಸಂಬಂಧ ತನ್ನ ಕೈಯಲ್ಲಿ ಹರಿಯಿತಲ್ಲ ಎಂಬುದೇ ಆಕೆಯ ಸಂಕಟ. ಮರುವರ್ಷ ಅವರು ತನ್ನ ಮನೆಯಲ್ಲೇ ಮಲಗಬೇಕು, ಅಷ್ಟೇ. ಬೇರೆ ಯಾವ ಸಮಾಧಾನವೂ ಆಕೆಗೆ ಬೇಕಿರಲಿಲ್ಲ.

"ಆ ಲಾಡ್ಜಿನಾಗ ಅಂಥಾದ್ದೇನೈತಿ, ನೋಡೇ ಬಿಡೋಣು ನಡಿ" ಎಂದು ಒಂದು ದಿನ ನನ್ನನ್ನು ಎಬ್ಬಿಸಿಕೊಂಡು ಹೊರಟಳು. ಮೇಜಿನ ಹಿಂದೆ ಕೂತಿದ್ದ ಮ್ಯಾನೇಜರು ಯಾವ ಊರಿನವರು ಎಂದು ಕೇಳಿದರು. ಮಾವಶಿ ರೆಪ್ಪೆ ಅಲುಗಿಸದೆ "ನರಗುಂದದವರ್ರಿ" ಎಂದಳು.

"ಮಾವಶಿ, ನರಗುಂದಕ್ಕ ಯಾವಾಗ ಹೋದ್ರಿ? ಮೊನ್ನೆ ಮಗಳ ಮದಿವಿ ಸೀರಿ ನಿಮ್ಮ ಮನ್ಯಾಗ ಒಯ್ದೇನಲ್ಲ" ಎಂದರು ಅವರು.

"ಇರ್ಲಿ ಬಿಡ್ರಿ, ಕೋಲಿ ತೋರಸ್ರಿ" ಎಂದು ಮಾವಶಿ ಮುಂದೆ ನಡೆದೇಬಿಟ್ಟಳು.

ಕೋಣೆಯಲ್ಲಿ ಆಕೆ ಗಾದಿಯನ್ನು ಒತ್ತಿ ನೋಡಿದಳು. ಇದರಲ್ಲಿ ಮಲಗಿದರೆ ಸೊಂಟ ಉಳಿಯುವುದಿಲ್ಲ ಎಂದಳು. ಟಿವಿಯನ್ನು ಮೂಸಿಯೂ ನೋಡಲಿಲ್ಲ. ಚಹಾ ಬೇಕಾದರೆ ಬೀದಿಗೆ ಹೋಗಬೇಕು ಎಂದು ತಿಳಿದಾಗ ಮುಖ ಅರಳಿತು. ಗೆದ್ದೆವು ಎಂಬಂತೆ ನನ್ನತ್ತ ನೋಡಿ ಬಾಗಿಲು ಮುಚ್ಚಿದಳು, ಒಳಗಿನ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ಚಿಲಕದ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಳು.

"ಯವ್ವಾ... ಇದಕ್ಕ ಬಂದಾರ ನೋಡ ಅವರು. ನಮ್ಮ ಮನ್ಯಾಗ ಒಳಗಿಂದ ಹಾಕ್ಕೊಳ್ಳು ಚಿಲಕ ಒಂದರ ಐತೇನು? ಹೊಸಾ ಮದಿಮಗಳು ಎಲ್ಲಾರ ನಡುವ ಕೌದಿ ಹೊಚ್ಚಿಕೊಂಡು ಹ್ಯಾಂಗ ಮಲಗಬೇಕು?" ಎಂದಳು. ಚಿಲಕ ಸರಿಸುತ್ತ, "ನಾನರ ಹ್ಯಾಂಗ ಮಲಗಿದ್ನೋ..." ಎಂದು ತಾನೇ ನಕ್ಕಳು. ಆ ನಗುವಿನಲ್ಲಿ ಸ್ವಲ್ಪ ನಾಚಿಕೆಯಿತ್ತು, ಸ್ವಲ್ಪ ಬೇಸರವೂ ಇತ್ತು.

ಆ ಮನೆಯಲ್ಲಿ ಬಾಗಿಲಿದ್ದ ಒಳಕೋಣೆ ಮಗ್ಗದ್ದೊಂದೇ. ಮರುವರ್ಷ ದಸರೆಯ ಬನ್ನಿಹಬ್ಬದ ಮುಂಚೆ ಮಾವಶಿ ಓಣಿಯ ಕೊನೆಯ ಮನೆಯ ಬಡಿಗ ಚಾಚಾನನ್ನು ಕರೆಸಿದಳು. ಓಣಿಯ ಮಗ್ಗಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರು ಅವರೇ. "ಮಗ್ಗದ ಕೋಲಿಗೆ ಒಳಗಿಂದ ಚಿಲಕಾ? ಮಗ್ಗ ಯಾರನ್ನ ನೋಡಿ ನಾಚತೈತಿ ಮಾವಶಿ?" ಎಂದು ಚಾಚಾ ಗಡ್ಡ ಕೆರೆದುಕೊಂಡರು. ಆದರೂ ಚಿಲಕ ಬಿತ್ತು. ಮಗ್ಗವನ್ನು ಕಿತ್ತಿಡುವಂತಿರಲಿಲ್ಲ, ಹಾಗಾಗಿ ಯಾರೂ ಬೀಳದಂತೆ ಕುಣಿಗೆ ಹಲಗೆ ಮುಚ್ಚಿಸಿದಳು. ಉಳಿದ ಜಾಗಕ್ಕೆ ಮಂಚ ಬೇಕಲ್ಲ? ನನ್ನ ತವರಿನವರು ಕೊಟ್ಟಿದ್ದ ಮಂಚವನ್ನು ಬಿಚ್ಚಿಸಿಕೊಂಡು ಹೋದಳು. ನಾವಿಬ್ಬರೂ ಹೊಸ ಮದುವೆಯವರೇ ಎಂಬುದು ಆಕೆಗೆ ಹೊಳೆಯಲಿಲ್ಲ, ಹೇಳುವ ಧೈರ್ಯ ನಮಗಿರಲಿಲ್ಲ. ಎಸ್‌ಟಿಡಿ ಅಂಗಡಿಗೆ ಹೋಗಿ ಹುಬ್ಬಳ್ಳಿಗೆ ಫೋನು ಹಚ್ಚಿ, "ಈ ಸಲ ಇಲ್ಲೇ ಇಳೀಬೇಕು, ಚಿಲಕ ಹಾಕಿಸೇನಿ, ಒಳಗಿಂದ!" ಎಂದು ಪೇಟೆಗೆಲ್ಲ ಕೇಳುವಂತೆ ಒದರಿದಳು. ಅಷ್ಟು ಒದರಿದ ಮೇಲೆ ಅವರು ಬಾರದೆ ಇರುವುದಾದರೂ ಹೇಗೆ? ಬಂದರು.

ಕಾಕಾ ಒಂದೇ ಮಾತು ಕೇಳಿದ್ದರು, ದೀಪಾವಳಿ ಸೀರೆಗಳ ಗತಿಯೇನು ಅಂತ. "ಹಗಲು ನಿಂದು, ರಾತ್ರಿ ಅವರದು" ಎಂದು ಮಾವಶಿ ತೀರ್ಪು ಕೊಟ್ಟಿದ್ದಳು. ಹಗಲು ಎಂದರೆ ನೇಕಾರರಿಗೆ ಕೋಳಿ ಕೂಗುವ ಹೊತ್ತು. ರಜೆಗೆ ಬಂದ ಹೊಸ ಗಂಡಹೆಂಡತಿಗೆ ಅದು ಯಾವಾಗ ಶುರುವಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ.

ನಸುಕಿನಲ್ಲಿ ಕಾಕಾ ಕೆಲಸಕ್ಕೆಂದು ಬಂದರೆ ಬಾಗಿಲು ಮುಚ್ಚಿದೆ. ಬಡಿಯಲು ಕೈ ಎತ್ತಿದರೆ ಮಾವಶಿ ಅಡ್ಡ ನಿಂತಳು. ಮುನಿಸಿಕೊಂಡು ಅವರು ತಲೆಯ ಮೇಲೆ ಶಾಲು ಎಳೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತರು. ಅಷ್ಟರಲ್ಲಿ ಎದುರು ಮನೆಯ ಮಗ್ಗ ಶುರುವಾಯಿತು, ಅದರ ಬಾಜೂದ್ದು ಶುರುವಾಯಿತು. ಮಾವಶಿ ಸೆರಗು ಸಿಕ್ಕಿಸಿಕೊಂಡು ಮನೆಮನೆಗೆ ಓಡಿದಳು. "ಒಂದೀಟು ನಿಲ್ಲಸ್ರಿ, ನಿಮ್ಮ ಕಾಲಿಗೆ ಬೀಳ್ತೇನಿ. ಹುಡುಗಿ ಮಲಗೈತಿ. ಲಾಡ್ಜಿನಾಗ ಇಷ್ಟು ಗದ್ದಲಾ ಇರೂದಿಲ್ಲ." ಆಕೆಯ ಕೈಯ ಊಟ ಉಂಡಿರದ ಮನೆ ಓಣಿಯಲ್ಲಿ ಯಾವುದಿತ್ತು? ಒಂದೊಂದೇ ಮಗ್ಗ ನಿಂತಿತು. ಇಡೀ ಓಣಿ ಮೌನವಾಯಿತು.

ಆ ಓಣಿಯಲ್ಲಿ ಎಲ್ಲ ಮಗ್ಗಗಳೂ ಒಟ್ಟಿಗೆ ನಿಲ್ಲುವುದು ಯಾರಾದರೂ ಸತ್ತಾಗ ಮಾತ್ರ. ಹೆಣ ಓಣಿ ದಾಟುವವರೆಗೆ ಯಾರೂ ಲಾಳಿ ಮುಟ್ಟುವುದಿಲ್ಲ. ಆಚೆ ಓಣಿಗಳಿಗೆ ಸುದ್ದಿ ಮುಟ್ಟುವುದೇ ಆ ಮೌನದಿಂದ. ನೇಕಾರರ ಮನೆಯಲ್ಲೇ ಹುಟ್ಟಿ ಬೆಳೆದ ಮಾವಶಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ಹೊತ್ತಿಗೆ ತಲೆಯಲ್ಲಿ ಹುಬ್ಬಳ್ಳಿಯ ಹುಡುಗಿಯ ನಿದ್ದೆ ಬಿಟ್ಟು ಬೇರೇನೂ ಇರಲಿಲ್ಲ.

ಆಚೆ ಓಣಿಗಳ ಮಂದಿ ಬರತೊಡಗಿದರು. ಶಾಲು ಹೊದ್ದು ತಲೆ ತಗ್ಗಿಸಿ ಕೂತ ಕಾಕಾನನ್ನು ನೋಡಿದರು, ಒಳಗೆ ಮಗ್ಗದ ಕೋಣೆಯ ಮುಚ್ಚಿದ ಬಾಗಿಲನ್ನು ನೋಡಿದರು. ಮಾವಶಿಯ ದನಿ ಎಲ್ಲಿಯೂ ಇಲ್ಲ. ಆ ಮನೆಯಲ್ಲಿ ಆಕೆಯ ದನಿ ಇಲ್ಲ ಎಂದರೆ ಮತ್ತೇನು ತಿಳಿಯಬೇಕು? ಮನೆಯಲ್ಲಿ ಮಗ್ಗವಿಲ್ಲದ್ದರಿಂದ ಮಾವಶಿ ಹೋಗಿ ಹೇಳಿರದ ಚಾಚಾ ಟೋಪಿ ಸರಿಮಾಡಿಕೊಳ್ಳುತ್ತ ಬಂದು ಕಾಕಾನ ಹೆಗಲ ಮೇಲೆ ಕೈಯಿಟ್ಟರು. ಕಾಕಾ, ತನ್ನ ಕೆಲಸ ಕೆಟ್ಟಿದ್ದಕ್ಕೆ ಸಮಾಧಾನ ಹೇಳುತ್ತಿದ್ದಾರೆ ಎಂದುಕೊಂಡು ನಿಟ್ಟುಸಿರು ಬಿಟ್ಟರು. ಅಲ್ಲಿಗೆ ಕೆಳಗಿನ ಓಣಿಯ ಮುದುಕಿಯೊಬ್ಬಳು ಎದೆ ಬಡಿದುಕೊಂಡು ಹಾಡಿ ಅಳಲು ಹಿಡಿದಳು. "ಬಂದವರಿಗೆ ಉಣಿಸಿದಾಕಿ, ನಿಂದವರಿಗೆ ನೀರ ಕೊಟ್ಟಾಕಿ, ನನ್ನ ಬಂಗಾರದ ಗೆಳತೀ, ಎಲ್ಲಿ ಹೋದೀ..."

ಅಡುಗೆಮನೆಯಿಂದ ಮಾವಶಿ ಸೌಟು ಹಿಡಿದುಕೊಂಡೇ ಓಡಿ ಬಂದಳು, ಬಾಯಿ ಮೇಲೆ ಬೆರಳು. "ಶ್ಶ್! ಯಾರದು ಅಳಾಕತ್ತಿದ್ದು? ಮಂದಿ ಮಲಗ್ಯಾರ, ಸಾವಕಾಶ ಅಳ್ರಿ!"

ಮುದುಕಿಯ ಬಾಯಿ ತೆರೆದಂತೇ ಉಳಿಯಿತು. ಆಮೇಲೆ ಸಿಟ್ಟು ಬಂತು. "ನೀ ಅದೀಯಲ್ಲ!"

"ಇರಲಾರದ ಎಲ್ಲಿ ಹೋಗಲಿ? ಒಲಿ ಮ್ಯಾಲ ಉಪ್ಪಿಟ್ಟು ಐತಿ."

ಆಗಲೇ ಮಗ್ಗದ ಕೋಣೆಯ ಚಿಲಕ ಸರಿದದ್ದು. ಕೆದರಿದ ಕೂದಲಿನ ಹುಬ್ಬಳ್ಳಿಯ ಸೊಸೆ ಕಣ್ಣುಜ್ಜಿಕೊಳ್ಳುತ್ತ ಹೊರಬಂದವಳು ಅರ್ಧ ಊರು ತನ್ನನ್ನೇ ನೋಡುತ್ತಿರುವುದನ್ನು ಕಂಡು ಕಂಬ ಹಿಡಿದು ನಿಂತುಬಿಟ್ಟಳು. ಅಳು ಕೇಳಿ ಓಡಿ ಬಂದಿದ್ದ ನಾನು ವಿಷಯ ಹೇಳಿದೆ. ಆಕೆ ನಕ್ಕಳು ನೋಡಿ, ಅಲ್ಲೇ ಕುಸಿದು ಕೂತು ನಕ್ಕಳು. ಓಣಿಗೆ ಓಣಿಯೇ ನಕ್ಕಿತು, ಕಾಕಾ ಕೂಡ ಶಾಲಿನೊಳಗೇ ನಕ್ಕರು. ಬಂದವರಿಗೆಲ್ಲ ಉಪ್ಪಿಟ್ಟಾಯಿತು. "ಅರ್ಧಕ್ಕ ಯಾಕ ನಿಲ್ಲಿಸಿದಿ? ಇನ್ನೊಂದೀಟು ಹೊಗಳಬೇಕಾಗಿತ್ತು" ಎಂದು ಮಾವಶಿ ಮುದುಕಿಯನ್ನು ಕಾಡಿದಳು.

ಹೊರಡುವ ದಿನ ಹುಬ್ಬಳ್ಳಿಯ ಸೊಸೆ ಮಾವಶಿಯ ಕೈ ಹಿಡಿದುಕೊಂಡಳು. "ಮಾವಶಿ, ಸಿಟ್ಟಾಗಬ್ಯಾಡ್ರಿ. ಮುಂದಿನ ವರ್ಷ ನಾವು ಲಾಡ್ಜಿನಾಗ ಮಲಗ್ತೇವಿ. ನಮ್ಮ ನಿದ್ದಿ ಸಲುವಾಗಿ ಇಷ್ಟು ಮಂದಿ ಕೆಲಸಾ ಕೆಡಬಾರದ್ರಿ. ಎದ್ದ ಕೂಡ್ಲೆ ಇಲ್ಲಿಗೇ ಬರ್ತೇವಿ."

ವರ್ಷವಿಡೀ ಮಾವಶಿ ಬೇಡಿದ್ದು ಒಂದೇ, ಅದನ್ನು ಈ ಹುಡುಗಿ ಮೆತ್ತಗೆ ಇಲ್ಲ ಎನ್ನುತ್ತಿದ್ದಳು. ಮಾವಶಿ ಕೈ ಬಿಡಿಸಿಕೊಂಡು ರೊಟ್ಟಿಯ ಗಂಟನ್ನು ಆಕೆಯ ಚೀಲಕ್ಕೆ ತುರುಕಿದಳು. ಆಮೇಲೆ, "ಅಲ್ಲಿ ಚಾ ಕುಡದು ಬರೂದಲ್ಲ ಮತ್ತ" ಎಂದಳು.

"ಇಲ್ರಿ."

"ಹಲ್ಲು ತಿಕ್ಕಾಕನೂ ಇಲ್ಲೇ ಬರ್ರಿ."

ಬಸ್ಸು ಹೋದ ಮೇಲೆ ಕಣ್ಣೊರೆಸಿಕೊಂಡಳು, ಆದರೆ ಮನೆಗೆ ಬರುವಷ್ಟರಲ್ಲಿ ಮರುವರ್ಷಕ್ಕೆ ಏನೇನು ಅಡುಗೆ ಎಂದು ಎಣಿಸತೊಡಗಿದ್ದಳು. ಸೋತೂ ಇಷ್ಟು ಲಗೂ ಚೇತರಿಸಿಕೊಳ್ಳುವವರನ್ನು ನಾನು ಮತ್ತೆ ನೋಡಿಲ್ಲ. ಅವತ್ತಿನಿಂದ ಆಕೆಯೆಂದರೆ ನನಗೆ ಪಂಚಪ್ರಾಣ. ಮಂಚವೂ ವಾಪಸು ಬಂತು.

ಹಾಗೇ ನಡೆಯಿತು. ಊರಿಗೆ ಇನ್ನೂ ಲಾಡ್ಜುಗಳು ಬಂದವು, ಎಸಿ ಬಂತು, ಹುಬ್ಬಳ್ಳಿಯವರು ಬಸ್ಸು ಬಿಟ್ಟು ಕಾರಿನಲ್ಲಿ ಬರತೊಡಗಿದರು, ಅವರ ಮಕ್ಕಳು ಮೊಬೈಲಿನಲ್ಲೇ ಕೋಣೆ ಹಿಡಿಯುವಷ್ಟು ದೊಡ್ಡವರಾದರು. ಮಲಗುವ ಜಾಗ ವರ್ಷಕ್ಕೊಂದು, ಆದರೆ ಬೆಳಗಿನ ಚಹಾ ಮಾತ್ರ ಮಾವಶಿಯ ಅಡುಗೆಮನೆಯಲ್ಲಿ. ನಮಗೆ ರೋಣಕ್ಕೆ, ಅಲ್ಲಿಂದ ಧಾರವಾಡಕ್ಕೆ ವರ್ಗವಾಯಿತು. ಕಾಕಾ ಹೋದರು. ಮೂರು ವರ್ಷದ ಹಿಂದೆ ಮಾವಶಿಯೂ ಹೋದಳು. ಸುದ್ದಿ ನನಗೆ ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ಆ ದೊಡ್ಡ ದನಿ ಇನ್ನಿಲ್ಲ ಎಂಬುದನ್ನು ಮನಸ್ಸು ಈಗಲೂ ಪೂರ್ತಿ ಒಪ್ಪಿಲ್ಲ...

ರೆಸಾರ್ಟಿನಲ್ಲಿ ಅಂದು ಸಂಜೆ ಸುಮ್ಮನಿರಲಾರದೆ ಹುಬ್ಬಳ್ಳಿಯ ಸೊಸೆಗೆ ಫೋನು ಮಾಡಿದೆ. ಈಗ ಆಕೆಯ ಕೂದಲಲ್ಲೂ ಬಿಳಿ ಇಣುಕಿದೆ. ರಟ್ಟಿನ ತುಂಡಿನ ಕತೆ ಹೇಳಿದೆ, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಈ ಸಲದ ರಜೆಗೆ ಗಜೇಂದ್ರಗಡಕ್ಕೆ ಹೋಗುತ್ತೀರಾ ಎಂದು ಕೇಳಿದೆ.

"ಹುಡುಗ್ರು ರೂಮ್ ನೋಡ್ಯಾರ್ರಿ ಅಕ್ಕಾರ. ಚಲೋ ಚಲೋ ರೂಮ್ ಅದಾವು" ಎಂದಳು. ಆಮೇಲೆ ಆಕೆಯ ದನಿ ಸಣ್ಣದಾಯಿತು. "ಆದ್ರ ಅಲ್ಲಿ ಹೋಗಿ ಇಳದ ಮ್ಯಾಲೆ, ಬಂದ್ವಿ ಅಂತ ಯಾರಿಗೆ ಹೇಳೋದ್ರಿ?"