ಗಿರಾಕಿಯ ಬೂಟು

ಬಿಸಿಲಿಗೆ ಕಾದ ಚರ್ಮ, ಒಳಗೆ ಬೆವರು, ಮೇಲೆ ಪಾಲಿಶ್... ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದಾಗ ನಾನು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಸಿಟ್ಟು ನುಂಗುತ್ತಿದ್ದೆ. ಹೊಸದುರ್ಗದ ಲೆಕ್ಚರರ್ ಒಬ್ಬರು ತಮ್ಮ ದಪ್ಪ ರೈಡಿಂಗ್ ಬೂಟು ಬಿಚ್ಚಿ, ಹಿರಿಯೂರಿನ ನನ್ನ ಗ್ಯಾರೇಜಿನ ಬೆಂಚಿನ ಕೆಳಗೆ ತಳ್ಳಿ, ಕಾಲು ಚಾಚಿ ಕೂತಿದ್ದರು. ಆ ವಾಸನೆಗೆ ನೆನಪಾದವರು ಮಾತ್ರ ಚಿತ್ರದುರ್ಗದ ನಮ್ಮ ಉಸ್ತಾದ್. ನನಗೆ ಮೆಕ್ಯಾನಿಕ್ ಕೆಲಸ ಕಲಿಸಿದವರು. ಅವರ ಗ್ಯಾರೇಜಿನಲ್ಲಿ ಪೆಟ್ರೋಲಿಗಿಂತ ಮೊದಲು ಮೂಗಿಗೆ ಬರುತ್ತಿದ್ದುದು ಇದೇ ವಾಸನೆ.

“ಮೂರ್ನೇ ಸಲ ಕಣ್ರಿ ಬರ್ತಿರೋದು,” ಎಂದರು ಲೆಕ್ಚರರ್. “ಸೆಕೆಂಡಿಂದ ಥರ್ಡಿಗೆ ಎತ್ತಿದ್ರೆ ಗೇರೇ ಕೂರಲ್ಲ, ನಡುವೆ ನ್ಯೂಟ್ರಲ್ ಆಗಿ ಇಂಜಿನ್ ಅರಚ್ಕಳ್ತೈತೆ. ನಾಳೆ ಬೆಳಿಗ್ಗೆ ಗುಜರಾತಿಗೆ ಹೊರಡ್ಬೇಕು. ಆಗಲ್ಲ ಅಂದ್ರೆ ಹೇಳ್ಬಿಡ್ರಿ, ಶೋರೂಮಿಗೆ ಒಯ್ತೀನಿ.”

ಆಗಲ್ಲ ಎನ್ನುವ ಮಾತು ನನ್ನ ಬಾಯಿಂದ ಬಂದದ್ದಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬೋರ್ಡಿನ ಮೇಲಿರುವ ಹೆಸರೊಂದೇ ನನ್ನ ಸರ್ಟಿಫಿಕೇಟು. ಗಾಡಿ ಶೋರೂಮಿಗೆ ಹೋದರೆ ಆ ಹೆಸರೂ ಅದರ ಹಿಂದೆಯೇ ಹೋಯಿತು. ಹೊಸ ಚೈನು, ಸ್ಪ್ರಾಕೆಟ್ ಹಾಕಿದವನು ನಾನೇ; ಅಂದಿನಿಂದಲೇ ಈ ಕಾಟ ಶುರುವಾಗಿತ್ತು. ಕ್ಲಚ್ ಕೇಬಲ್ ಬಿಗಿ ಮಾಡಿದೆ. ಆಯಿಲ್ ಬದಲಿಸಿದೆ. ಕ್ಲಚ್ ಪ್ಲೇಟುಗಳನ್ನೂ ಬಿಚ್ಚಿ ನೋಡಿದೆ. ಬಬ್ಬೂರಿನ ತನಕ ನಾನು ಓಡಿಸಿಕೊಂಡು ಬಂದರೆ ಗೇರು ಸಲೀಸಾಗಿ ಬೀಳುತ್ತದೆ, ಅವರು ಹತ್ತಿದರೆ ಕಟಕ್! ಗಾಡಿಗೇ ನನ್ನ ಮೇಲೆ ಹಗೆಯೋ ಏನೋ ಅನ್ನಿಸಿಬಿಟ್ಟಿತ್ತು.

ಉಸ್ತಾದರ ಗ್ಯಾರೇಜು ಹೊಳಲ್ಕೆರೆ ರಸ್ತೆಯಲ್ಲಿತ್ತು. ಅವರದೊಂದು ಪದ್ಧತಿ ಇಡೀ ರಸ್ತೆಗೆ ನಗೆಪಾಟಲು. ರಿಪೇರಿಗೆ ಗಾಡಿ ಬಿಡುವವರು ಕಾಲಲ್ಲಿದ್ದುದನ್ನೂ ಬಿಟ್ಟು ಹೋಗಬೇಕು. “ಗಾಡಿ ಒಂದೇ ಬಿಟ್ರೆ ಅರ್ಧ ಕಾಯಿಲೆ ನಿಮ್ ಜೊತೆಗೇ ಹೋಗ್ತೈತ್ರಿ, ಎಕ್ಕಡನೂ ಬಿಡ್ರಿ,” ಎನ್ನುತ್ತಿದ್ದರು. ಗಿರಾಕಿ ಗ್ಯಾರೇಜಿನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗುತ್ತಿದ್ದ. ಕೆಲಸ ಮುಗಿದ ಮೇಲೆ ಉಸ್ತಾದ್ ಆ ಗಿರಾಕಿಯ ಬೂಟನ್ನೋ ಚಪ್ಪಲಿಯನ್ನೋ ಹಾಕಿಕೊಂಡು ಜೋಗಿಮಟ್ಟಿ ಏರಿನ ತನಕ ಟ್ರಯಲ್ ನೋಡಿ ಬರುತ್ತಿದ್ದರು. ದೊಡ್ಡದಾದರೆ ಮುಂದೆ ಬಟ್ಟೆ ತುರುಕುವುದು, ಚಿಕ್ಕದಾದರೆ ಹಿಮ್ಮಡಿ ಹೊರಗೆ.

“ಏನ್ ಉಸ್ತಾದ್, ಇವತ್ತು ಪೊಲೀಸೋ, ಪೂಜಾರಿಯೋ?” ಎಂದು ಎದುರಿನ ಟೀ ಅಂಗಡಿಯವನು ಕೆಣಕುತ್ತಿದ್ದ.

“ಪೂಜಾರಿನೇ ಕಣ್ಲೇ. ತಡಿ, ನಿನ್ನ ಟೀಗೆ ಮಂಗಳಾರತಿ ಮಾಡಾಣ!”

ಒಂದು ದಿನ ಅವರ ಪಾದಕ್ಕೆ ಗಾಯವಾಗಿತ್ತು. ಗಿರಾಕಿಯ ಬೂಟನ್ನು ನನ್ನ ಮುಂದಿಟ್ಟರು. “ಹಾಕ್ಕಂಡು ಒಂದು ರೌಂಡ್ ಹೋಗಿ ಬಾರಪ್ಪ.” ಆಗಲೇ ನನಗೆ ಮದುವೆಯಾಗಿತ್ತು, ಹತ್ತು ವರ್ಷದ ಅನುಭವವಿತ್ತು. ಟೀ ಅಂಗಡಿಯ ಮುಂದೆ ನಾಲ್ಕು ಜನ ನೋಡುತ್ತಿದ್ದರು. “ಇನ್ನೊಬ್ರು ಎಕ್ಕಡ ಮೆಟ್ಟಾಕೆ ನಾನು ಬಂದಿಲ್ಲ ಉಸ್ತಾದ್,” ಎಂದೆ. ಅವರು ಬೈಯಲಿಲ್ಲ. ಹಲ್ಲು ಕಚ್ಚಿ ಗಾಯದ ಕಾಲಿಗೇ ಬೂಟು ಏರಿಸಿಕೊಂಡು ಹೊರಟರು... ಅವರು ವಾಪಸು ಬರುವಷ್ಟರಲ್ಲಿ ನಾನು ನನ್ನ ಸಾಮಾನು ಕಟ್ಟಿಕೊಂಡು ಹೋಗಿಯಾಗಿತ್ತು.

ಹಿರಿಯೂರಿನಲ್ಲಿ ನಾನು ಬೋರ್ಡು ಹಾಕಿದ ಮೇಲೆ ಒಂದೇ ಸಲ ಬಂದಿದ್ದರು. ಟೀ ಕುಡಿದು, ಸುತ್ತ ನೋಡಿ, “ಟ್ರಯಲ್ ಯಾರಪ್ಪ ನೋಡ್ತಾರೆ?” ಎಂದು ಕೇಳಿದರು. “ನಾನೇ. ನನ್ನ ಕಾಲಲ್ಲೇ,” ಎಂದೆ. “ಆಗ್ಲಿ,” ಎಂದು ನಕ್ಕು ಎದ್ದುಹೋದರು. ಆಮೇಲೆ ಬಂದದ್ದು ಅವರು ತೀರಿಕೊಂಡ ಸುದ್ದಿ. ಕೈತುಂಬ ಕೆಲಸವಿದೆ ಎಂದು ನೆವ ಹೇಳಿಕೊಂಡು ಮಣ್ಣಿಗೂ ಹೋಗಲಿಲ್ಲ.

ಬೆಂಚಿನ ಕೆಳಗಿನ ಬೂಟನ್ನೇ ನೋಡುತ್ತಿದ್ದವನು ಕೊನೆಗೆ ಕೇಳಿಯೇಬಿಟ್ಟೆ. “ಸಾರ್, ನಿಮ್ಮ ಬೂಟು ಕೊಡ್ರಿ ಒಂಚೂರು.”

“ಗೇರಿಗೂ ಬೂಟಿಗೂ ಏನ್ರಿ ಸಂಬಂಧ? ಪಾಲಿಶ್ ಹೊಡೀತೀರೇನು?”

ಹಾಕಿಕೊಂಡೆ. ಒಳಗಿನ್ನೂ ಬಿಸಿಯಿತ್ತು. ಬಬ್ಬೂರಿನ ದಾರಿ ಹಿಡಿಯುವ ಮೊದಲೇ ಗೊತ್ತಾಗಿಹೋಯಿತು. ಬೂಟಿನ ದಪ್ಪ ಮೂತಿ ಗೇರ್ ಲಿವರಿನ ಕೆಳಗೆ ಪೂರ್ತಿ ತೂರುತ್ತಿರಲಿಲ್ಲ. ಅರ್ಧ ಎತ್ತುವಷ್ಟರಲ್ಲಿ ಕಾಲು ಜಾರುತ್ತಿತ್ತು. ಸ್ಪ್ರಾಕೆಟ್ ಹಾಕಲು ಲಿವರ್ ಬಿಚ್ಚಿದ್ದವನು, ತಿರುಗಿ ಹಾಕುವಾಗ ನನ್ನ ಹವಾಯಿ ಚಪ್ಪಲಿಯ ಕಾಲಿಗೆ ಹೊಂದುವಂತೆ ತಗ್ಗಿಸಿ ಕೂರಿಸಿದ್ದೆ. ಒಂದು ಬೋಲ್ಟ್ ಸಡಿಲಿಸಿ, ಲಿವರನ್ನು ಅದು ಕೂರುವ ಶಾಫ್ಟಿನ ಮೇಲೆ ಒಂದೇ ಒಂದು ಹಲ್ಲಿನಷ್ಟು ಎತ್ತರಿಸಿದೆ. ಐದು ನಿಮಿಷದ ಕೆಲಸ. ಇದಕ್ಕಾಗಿ ಕ್ಲಚ್ಚನ್ನೇ ಬಿಚ್ಚಿ ಹರಡಿಕೊಂಡಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಲೆಕ್ಚರರ್ ಒಂದು ಸುತ್ತು ಹೋಗಿ ಬಂದರು. “ಅರೆ, ಏನಾಗಿತ್ರಿ?” ಆಯಿಲ್ ಸರಿಯಿರಲಿಲ್ಲ ಎಂದೋ, ಕೇಬಲ್ ಸವೆದಿತ್ತು ಎಂದೋ ಹೇಳಿ ಪಾರಾಗಬಹುದಿತ್ತು. “ನಂದೇ ತಪ್ಪು ಸಾರ್. ಲಿವರ್ ನಾನೇ ಸರಿಯಾಗಿ ಕೂರ್ಸಿರ್ಲಿಲ್ಲ,” ಎಂದೆ. ಅವರು “ವಾಪಸ್ ಬಂದ್ಮೇಲೆ ಸರ್ವೀಸಿಗೆ ಇಲ್ಲಿಗೇ ತರ್ತೀನಿ,” ಎಂದು ಹೊರಟರು.

ಈಗ ನನ್ನ ಗ್ಯಾರೇಜಿನ ಬಾಗಿಲಲ್ಲೂ ಗಿರಾಕಿಗಳಿಗೆಂದು ಎರಡು ಜೊತೆ ಹವಾಯಿ ಚಪ್ಪಲಿ ಇಟ್ಟಿದ್ದೇನೆ. ಜನ ನಗುತ್ತಾರೆ. ನನಗೆ ಸಿಟ್ಟು ಬರುವುದು ಅವರ ಮೇಲಲ್ಲ... ಒಬ್ಬೊಬ್ಬರ ಬೂಟಿಗೆ ಕಾಲು ತೂರಿಸುವಾಗಲೂ, ಉಸ್ತಾದ್ ಹಲ್ಲು ಕಚ್ಚಿಕೊಂಡು ಗಾಯದ ಪಾದ ಒಳಗೆ ನೂಕಿದ್ದು ಕಣ್ಣಿಗೆ ಕಟ್ಟುತ್ತದೆ. ಅವತ್ತು ಅವರ ಕೈಯಿಂದ ಆ ಬೂಟು ಇಸಿದುಕೊಳ್ಳಬೇಕಿತ್ತು.