ಶುಕ್ರವಾರದ ಮಾತ್ರೆ

ಮೊನ್ನೆ ಶುಕ್ರವಾರ ಅಲ್ ಬರ್ಷಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಯಾರೋ ಬೇರಿನ ಕಷಾಯದ ಫ್ಲಾಸ್ಕ್ ಹಿಡಿದು ನಿಂತಿದ್ದರು. ಆ ಕಹಿ ವಾಸನೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುವುದು, ಒಪ್ಪಿದೆ. ಆದರೆ ಈ ಸಿಟ್ಟಿಗೆ ಕಾರಣವಿದೆ, ಕೇಳಿ.

ತೊಂಬತ್ತರ ದಶಕದಲ್ಲಿ ಇದೇ ಊರಿನ ನೈಫ್ ಬಡಾವಣೆಯಲ್ಲಿದ್ದ ನನ್ನ ಅಕ್ಕನಿಗೆ ಸಂಧಿವಾತ ಹಿಡಿಯಿತು. ಬೆಳಗ್ಗೆ ಬೆರಳು ಮಡಚಲಾಗದು. ಆಫೀಸಿಗೆ ಹೊರಡುವಾಗ ಸೀರೆಯ ನೆರಿಗೆ ನಾನು ಹಿಡಿಯಬೇಕು. ಆಸ್ಪತ್ರೆಯವರು ವಾರಕ್ಕೊಮ್ಮೆ ನುಂಗುವ ಮಾತ್ರೆ ಕೊಟ್ಟರು. ನುಂಗಿದ ದಿನ ಹೊಟ್ಟೆ ತೊಳಸುತ್ತದೆಂದು ಅಕ್ಕ ರಜೆಯ ಶುಕ್ರವಾರವನ್ನೇ ಆರಿಸಿಕೊಂಡಳು. ಜೊತೆಗೆ ಅಲ್ಲೇ ದೇರಾದ ಕೊರಿಯನ್ ವೈದ್ಯರೊಬ್ಬರ ಸೂಜಿ ಚುಚ್ಚುವ ಚಿಕಿತ್ಸೆ, ಕಷಾಯ. ಅವರು ಮೊದಲು ಕೇಳಿದ್ದೇ ಆಸ್ಪತ್ರೆಯ ಮಾತ್ರೆ ಯಾವುದೆಂದು. "ಅದನ್ನು ಬಿಡಬೇಡಿ. ನನ್ನದು ಅದರ ಜೊತೆಗೆ, ಅದರ ಬದಲಿಗಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ, ಕಷಾಯದಲ್ಲಿ ಏನೇನಿದೆಯೆಂದು ಆಸ್ಪತ್ರೆಯ ಡಾಕ್ಟರಿಗೂ ಫೋನ್ ಮಾಡಿ ತಿಳಿಸಿದರು. ಆ ಡಾಕ್ಟರು ಗೊಣಗುತ್ತಲೇ ಆಗಾಗ ರಕ್ತಪರೀಕ್ಷೆ ಮಾಡಿಸಬೇಕೆಂದು ಹೇಳಿ ಒಪ್ಪಿಕೊಂಡರು. ಕೆಲವು ತಿಂಗಳಲ್ಲಿ ಅಕ್ಕ ತಾನೇ ನೆರಿಗೆ ಹಿಡಿದಳು.

ವೈದ್ಯರಿಬ್ಬರೂ ಹೊಂದಿಕೊಂಡರು. ಹೊಂದಿಕೊಳ್ಳದೇ ಹೋದದ್ದು ನಮ್ಮವರ ಊಟ. ಶುಕ್ರವಾರ ಬಂತೆಂದರೆ ಭಾವ ಊರಿನವರನ್ನೆಲ್ಲ ಕರೆಯುವರು. ಶಾರ್ಜಾದಿಂದ, ಅಬುಧಾಬಿಯಿಂದ ಸಂಸಾರ ಸಮೇತ ಬರುವವರಿಗೆ ನೀರುದೋಸೆ, ಕೋಳಿ ಸುಕ್ಕ ಆಗಲೇಬೇಕು.

"ಇವತ್ತೊಂದು ದಿನ ಆ ಮಾತ್ರೆ ಬೇಡ ಮಾರಾಯ್ತಿ, ಜನ ಬರ್ತಾರೆ. ಕೊರಿಯದ ಕಷಾಯ ಉಂಟಲ್ಲ, ಸಾಕು" ಎನ್ನುವರು ಭಾವ.

ಆ 'ಇವತ್ತೊಂದು ದಿನ' ಪ್ರತಿ ಶುಕ್ರವಾರವೂ ಬಂತು. ಮರುದಿನ ನುಂಗೋಣವೆಂದರೆ ಆಫೀಸು. ಅಕ್ಕ ಮಾತ್ರೆ ಬಿಟ್ಟು ದೋಸೆ ಹೊಯ್ದಳು. ಬಾವು ಮರಳಿತು. ಬಲಗೈಯ ಎರಡು ಬೆರಳು ಬಾಗಿದವು, ಮತ್ತೆ ನೆಟ್ಟಗಾಗಲಿಲ್ಲ.

ಆಗ ಉಂಡವರೇ ಬುದ್ಧಿ ಹೇಳಲು ಬಂದರು. "ಎರಡು ದೋಣಿಗೆ ಕಾಲಿಟ್ರೆ ಹೀಗೇ ಆಗುದು. ಆ ಕೊರಿಯದವನೇ ಹಾಳು ಮಾಡಿದ್ದು." ಭಾವ ಹೌದೆಂದು ತಲೆಯಾಡಿಸಿದರು! ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಸೌಟು ಕುಕ್ಕಿ, ಅಷ್ಟೂ ಜನರೆದುರು ಹೇಳಿದೆ: "ಭಾವ, ಕೊರಿಯದವರೂ ಅಲ್ಲ, ಆಸ್ಪತ್ರೆಯವರೂ ಅಲ್ಲ. ಅಕ್ಕನ ಬೆರಳು ತಿಂದದ್ದು ನಿಮ್ಮ ಶುಕ್ರವಾರದ ಊಟ." ಆಮೇಲೆ ಬಹಳ ಕಾಲ ಆ ಮನೆಯ ಮೆಟ್ಟಿಲು ತುಳಿಯಲಿಲ್ಲ.

ಲಿಫ್ಟಿನಿಂದ ಇಳಿದವಳೇ ಅಕ್ಕನಿಗೆ ಫೋನ್ ಮಾಡಿದೆ. ಅವಳ ಹಿಂದೆ ತಟ್ಟೆಗಳ ಸದ್ದು, ಗಲಾಟೆ.

"ಜನ ಬಂದಿದ್ದಾರಾ?"

"ನಿನ್ನ ಭಾವ ಕರ್ದದ್ದು. ಅವರೇ ಬೇಯಿಸ್ತಾ ಇದ್ದಾರೆ, ಉಪ್ಪು ಜಾಸ್ತಿ ಆಗಿದೆಯಂತೆ. ಆಗ್ಲಿ. ನಾನು ಮಾತ್ರೆ ನುಂಗಿ ಮಲಗಿದ್ದೇನೆ."

ಜೋರಾಗಿ ನಗಬೇಕೆನಿಸಿತು. ಆದರೆ ಫೋನನ್ನು ಅವಳು ಎಡಗೈಯಲ್ಲಿ ಹಿಡಿದಿರುತ್ತಾಳೆ ಎಂಬುದು ನೆನಪಾಯಿತು, ನಗು ಬರಲಿಲ್ಲ.