ಬೆಸುಗೆ ಹಾಕಿದ ಪೆಟ್ಟಿಗೆ

ನನ್ನ ಸೋದರಮಾವ ಅಭಯಚಂದ್ರ ಅರಿಗರಿಗೆ ಹಾವಿನ ಹೆದರಿಕೆ ಇರಲಿಲ್ಲ, ಹೊಳೆಯ ಹೆದರಿಕೆ ಇರಲಿಲ್ಲ, ತಹಶೀಲ್ದಾರರ ಹೆದರಿಕೆಯಂತೂ ಇಲ್ಲವೇ ಇಲ್ಲ. ಹೆದರುತ್ತಿದ್ದದ್ದು ಬೆಂಕಿಗೆ ಮಾತ್ರ. ಬೆಳುವಾಯಿಯ ನಮ್ಮ ಮನೆಯಲ್ಲಿ ಅವರದ್ದು ಒಂದೇ ಕಾನೂನು: ದೇವರ ಕೋಣೆಯ ಹೊಸ್ತಿಲು ದಾಟಿ ಬೆಂಕಿ ಒಳಗೆ ಹೋಗಕೂಡದು. ದೀಪವೂ ಇಲ್ಲ, ಧೂಪವೂ ಇಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ನಮ್ಮದು, ದೀಪದ ಕೆಲಸವೇ ಕಡಿಮೆ. ಹಾಗಾಗಿ ಯಾರಿಗೂ ಅದು ಅಷ್ಟಾಗಿ ಚುಚ್ಚಲಿಲ್ಲ. ಚುಚ್ಚಿದ್ದು ಮಾವನ ತಂಗಿಗೆ, ಅಂದರೆ ನನ್ನ ಅಮ್ಮ ಅನಂತಮತಿಗೆ.

ಕರಿಮೆಣಸು ಕೊಳ್ಳಲು ಬರುವ ಹಸನಬ್ಬನವರು ಜಗಲಿಯಲ್ಲಿ ಕೂತು ಕೀಟಲೆ ಮಾಡುತ್ತಿದ್ದರು. "ಅರಿಗರೇ, ನಿಮ್ಮಲ್ಲಿಗೆ ಬರುವುದಾದರೆ ಬೀಡಿಯನ್ನು ಮೂಡುಬಿದಿರೆಯಲ್ಲೇ ಸೇದಿ ಮುಗಿಸಿ ಬರಬೇಕು ಮಾರಾಯ್ರೆ!"

"ನಗಿ ನಗಿ. ನಾನು ಕಂಡದ್ದನ್ನು ನೀವು ಕಾಣಲಿಲ್ಲ," ಎನ್ನುತ್ತಿದ್ದರು ಮಾವ.

ಅವರು ಕಂಡದ್ದು ನಿಜ. ಐವತ್ತೆರಡನೇ ಇಸವಿ. ಸಿದ್ಧಕಟ್ಟೆಯ ಆಚೆ ನಮ್ಮ ನೆಂಟರ ಮನೆಯಲ್ಲಿ ಶ್ರುತಪಂಚಮಿ. ವರ್ಷಕ್ಕೊಮ್ಮೆ, ಜ್ಯೇಷ್ಠ ಮಾಸದ ಆ ದಿನ, ಮನೆಯಲ್ಲಿರುವ ತಾಳೆಗರಿಯ ಗ್ರಂಥಗಳನ್ನೆಲ್ಲ ಹೊರಗೆ ತೆಗೆದು, ಧೂಳು ಒರೆಸಿ, ಗರಿಗರಿಗೂ ಎಣ್ಣೆ ಸವರಿ, ಹೊಸ ಬಟ್ಟೆ ಸುತ್ತಿ ಆರತಿ ಎತ್ತುವುದು ನಮ್ಮವರ ಕ್ರಮ. ಅವತ್ತು ಆರತಿಯ ತಟ್ಟೆ ಜಾರಿತು. ಎಣ್ಣೆ ಕುಡಿದ ಗರಿಗಳು ಭಗ್ಗೆಂದವು. ಮೇಲೆ ಮುಳಿಹುಲ್ಲಿನ ಮಾಡು, ಸೂರಿಗೂ ಬೆಂಕಿ ಹತ್ತಿತು. ಪೂಜೆಗೆ ಹೋಗಿದ್ದ ಮಾವ ಬಾವಿಗೂ ಮನೆಗೂ ಕೊಡಪಾನ ಹೊತ್ತು ಓಡಿ ಅಂಗೈ ಸುಟ್ಟುಕೊಂಡರು. ಆ ಮನೆಯ ಹಿರಿಯರು ಒಂದು ಗ್ರಂಥದ ಎರಡು ಮರದ ಹಲಗೆಗಳನ್ನು ಮಾತ್ರ ಎದೆಗೊತ್ತಿಕೊಂಡು ಅಂಗಳದಲ್ಲಿ ನಿಂತಿದ್ದರಂತೆ. ನಡುವಿನ ಗರಿಗಳು ಇರಲಿಲ್ಲ.

ಮಾವ ಮನೆಗೆ ಬಂದವರೇ ನಮ್ಮ ಗ್ರಂಥಗಳಿಗೆ ಎಣ್ಣೆ ಸವರುವುದನ್ನು ಅರ್ಧಕ್ಕೇ ನಿಲ್ಲಿಸಿದರು. ತಗಡಿನ ಕೆಲಸದ ಚಿನ್ನಯ್ಯನನ್ನು ಕರೆಸಿ ದಪ್ಪ ತಗಡಿನ ಪೆಟ್ಟಿಗೆ ಮಾಡಿಸಿ, ಎಲ್ಲವನ್ನೂ ಅದರೊಳಗೆ ಇಟ್ಟು, ಮುಚ್ಚಳದ ಸುತ್ತ ಬೆಸುಗೆ ಹಾಕಿಸಿದರು. ಬೆಸುಗೆಗೂ ಬೆಂಕಿ ಬೇಕಲ್ಲ! ಅದಕ್ಕೆ ಪೆಟ್ಟಿಗೆಯನ್ನು ನೀರು ಹರಿಯುವ ತೋಡಿನ ಬದಿಗೆ ಹೊರಿಸಿ, ಚಿನ್ನಯ್ಯನ ತಲೆಯ ಮೇಲೆ ಕೊಡಪಾನ ಹಿಡಿದು ನಿಂತಿದ್ದರಂತೆ. ಹನಿ ಮಳೆ ಆಗಲೇ ಶುರುವಾಗಿತ್ತು. ಬೆಸುಗೆ ಮುಗಿದ ಮೇಲೆ ಪೆಟ್ಟಿಗೆ ದೇವರ ಕೋಣೆ ಸೇರಿತು.

ಆ ಪೆಟ್ಟಿಗೆಯೊಳಗೆ ಅಮ್ಮನ ನೋಂಪಿಯೂ ಹೋಯಿತು.

ನೋಂಪಿ ಎಂದರೆ ವ್ರತ. ನಮ್ಮ ಕುಟುಂಬದ ಹಿರಿಯಳೊಬ್ಬಳು ಯಾವ ಕಾಲದಲ್ಲೋ ಒಂದು ನೋಂಪಿಯ ಕಥೆ ಕಟ್ಟಿದ್ದಳು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ವ್ರತ ಹಿಡಿದವಳು ಪ್ರತಿ ಶ್ರುತಪಂಚಮಿಗೆ ಒಂದಿಷ್ಟು ಗರಿಗಳನ್ನು ತಾನೇ ಓದಬೇಕು, ಚತುರ್ದಶಿಗೆಲ್ಲ ಉಪವಾಸ ಇರಬೇಕು. ಕಥೆ ಮುಗಿದ ದಿನ ವ್ರತ ಮುಗಿಯಿತು. ಅಮ್ಮ ಅರ್ಧ ಓದಿದ್ದಳು. ಮುಂದಿನದ್ದು ಏನೆಂದು ಕೇಳಿದರೆ ಅಜ್ಜಿ, "ಓದಿದರೆ ಗೊತ್ತಾಗ್ತದೆ, ಅವಸರ ಏನುಂಟು?" ಎಂದು ಹೇಳಿ ತಲೆಗೆ ಮೊಟಕುತ್ತಿದ್ದರಂತೆ. ಆ ಅಜ್ಜಿಯೂ ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಮಾರನೆಯ ವರ್ಷ ಅಮ್ಮ ಕೇಳಿದಳು. "ಅಣ್ಣ, ದೀಪ ಬೇಡ, ಆರತಿ ಬೇಡ. ಹಗಲು ಅಂಗಳದಲ್ಲಿ ಕೂತು ಓದ್ತೇನೆ. ಹಾಗೇ ಕಾಗದಕ್ಕೂ ಇಳಿಸಿಕೊಳ್ತೇನೆ."

"ಇವತ್ತು ಹಗಲು ಅಂತೀಯ. ನಾಳೆ ಮೋಡ ಕವೀತದೆ, ಅಕ್ಷರ ಕಾಣುವುದಿಲ್ಲ, ದೀಪ ತಾ ಅಂತೀಯ. ಒಮ್ಮೆ ತೆರೆದ ಮೇಲೆ ಕೈ ನಮ್ಮ ಮಾತು ಕೇಳುವುದಿಲ್ಲ ಅನಂತಮತಿ."

"ನೂರಿನ್ನೂರು ವರ್ಷ ನಮ್ಮ ಮನೆಯಲ್ಲಿ ದೀಪ ಹಚ್ಚಿಯೇ ಓದಿದ್ದಲ್ಲವಾ? ಏನಾಗಿದೆ?"

"ಏನೂ ಆಗಲಿಲ್ಲ. ಅವರ ಮನೆಯಲ್ಲೂ ಅಷ್ಟು ವರ್ಷ ಏನೂ ಆಗಿರಲಿಲ್ಲ. ಗದ್ದೆ ಹೋದರೆ ಇನ್ನೊಂದು ಬೆಳೆ ತೆಗೀಬಹುದು. ಇದು ಹೋದರೆ ಎಲ್ಲಿಂದ ತರ್ತಿ, ಹೇಳು?"

ಅಮ್ಮ ಎದ್ದು ಒಳಗೆ ಹೋದಳು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು! ಸುಳ್ಳು ಹೇಳಿದವರ ಜೊತೆ ಜಗಳವಾಡಬಹುದು. ಮಾವ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ.

ವರ್ಷ ವರ್ಷವೂ ಶ್ರುತಪಂಚಮಿಯಂದು ತಗಡಿನ ಪೆಟ್ಟಿಗೆಗೇ ಹೂ ಇಟ್ಟು ಕೈಮುಗಿಯುತ್ತಿದ್ದೆವು. ಅಮ್ಮ ಚತುರ್ದಶಿಗೆಲ್ಲ ಉಪವಾಸ ಕೂರುತ್ತಿದ್ದಳು. ಕಥೆ ಮುಗಿದಿಲ್ಲವಲ್ಲ, ವ್ರತ ಬಿಡುವುದು ಹೇಗೆ? ಮೈ ಇಳಿಯುತ್ತಾ ಹೋಯಿತು. ನನಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಅವಳದ್ದು ಅದೇ ಹಠ. ಕೊನೆಗೆ ಒಂದು ಚತುರ್ದಶಿಯಂದು ಬಾವಿಕಟ್ಟೆಯ ಬಳಿ ಕುಸಿದು ಬಿದ್ದಳು. ಮೂಡುಬಿದಿರೆಯ ಡಾಕ್ಟರು ಮಾವನನ್ನು ಹೊರಗೆ ಕರೆದು, "ಇನ್ನು ಉಪವಾಸ ಮಾಡಿದರೆ ನಾನು ಜವಾಬ್ದಾರನಲ್ಲ," ಎಂದರು.

ಮಾವ ಆ ರಾತ್ರಿ ನಿದ್ದೆ ಮಾಡಿದಂತೆ ಕಾಣಲಿಲ್ಲ. ಬೆಳಿಗ್ಗೆ ಅಮ್ಮನ ಹಾಸಿಗೆಯ ಬಳಿ ಬಂದು, "ಶ್ರುತಪಂಚಮಿ ಬರಲಿ. ತೆಗೆಯುವ. ನೀನು ಓದಿ ಮುಗಿಸು, ಅವತ್ತೇ ಊಟ ಮಾಡು," ಎಂದರು. ಅಮ್ಮ ಚಿಕ್ಕ ಹುಡುಗಿಯ ಹಾಗೆ ಎದ್ದು ಕೂತಳು. ಅವತ್ತಿನಿಂದ ತಿಥಿ ಎಣಿಸಿದ್ದೇ ಎಣಿಸಿದ್ದು.

ಅರುವತ್ತನಾಲ್ಕರ ಆ ದಿನ ನಾನೂ ಅಲ್ಲಿದ್ದೆ. ಬಿಸಿಲಿತ್ತು, ಸದ್ಯ. ಅಂಗಳದ ನಡುವೆ ಮಣೆಯ ಮೇಲೆ ಪೆಟ್ಟಿಗೆ, ನಾಲ್ಕು ಮೂಲೆಗೆ ನಾಲ್ಕು ತುಂಬಿದ ಕೊಡಪಾನ. ಅಡುಗೆಮನೆಯ ಒಲೆಗೂ ಮಾವ ನೀರು ಹೊಯ್ಯಿಸಿದ್ದರು. ಚಿನ್ನಯ್ಯ ಉಳಿಯಿಟ್ಟು ಬೆಸುಗೆ ಬಿಡಿಸಿದ. ಅಮ್ಮ ಮಿಂದು ಮಡಿಯುಟ್ಟು ಎದುರು ಕೂತಿದ್ದಳು.

ಮುಚ್ಚಳ ಎತ್ತಿದಾಗ ಮುಗ್ಗಲು ವಾಸನೆ ಬಂತು.

ಬಟ್ಟೆಯ ಗಂಟುಗಳು ಇಟ್ಟ ಹಾಗೆಯೇ ಇದ್ದವು. ಅಮ್ಮ ತನ್ನದನ್ನು ಗುರುತು ಹಿಡಿದು ಎತ್ತಿದಳು. ಗಂಟು ಬಿಚ್ಚಿದಾಗ ಮೇಲಿನ ಹಲಗೆ ಕೈಗೆ ಬಂತು, ಕೆಳಗಿನ ಹಲಗೆ ಮಡಿಲಲ್ಲಿ ಉಳಿಯಿತು. ನಡುವೆ ಇದ್ದದ್ದು ಒದ್ದೆ ಹೊಟ್ಟಿನಂಥ ಕಪ್ಪು ಪುಡಿ, ಅದರಲ್ಲಿ ಸತ್ತ ಹುಳಗಳು. ಮಳೆಯ ತೇವವನ್ನು ಒಳಗೇ ಇಟ್ಟು ಬೆಸುಗೆ ಹಾಕಿದ್ದರು. ಎಣ್ಣೆಯಿಲ್ಲ, ಗಾಳಿಯಿಲ್ಲ, ಬಿಸಿಲಿಲ್ಲ. ಉಳಿದ ಗಂಟುಗಳ ಕಥೆಯೂ ಅದೇ.

ಮಾವ ಒಂದೊಂದು ಗಂಟನ್ನೂ ತಾವೇ ಬಿಚ್ಚಿದರು. ಕೊನೆಯದನ್ನು ಬಿಚ್ಚಿ ಅಂಗಳದಲ್ಲೇ ಕೂತುಬಿಟ್ಟರು. "ಬೆಂಕಿಯಾದರೆ ಊರೆಲ್ಲ ಕೊಡಪಾನ ಹಿಡಿದು ಓಡಿ ಬರ್ತಿತ್ತು," ಎಂದರು. "ಇದು ನನ್ನ ಕಣ್ಣೆದುರೇ ನಡೆದಿದೆಯಲ್ಲ. ನಾನು ವರ್ಷ ವರ್ಷ ಹೂ ಇಟ್ಟೆನಲ್ಲ!" ಅವರು ಅಳುವುದನ್ನು ನಾನು ಕಂಡದ್ದು ಅದೇ ಮೊದಲು.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುಡಿಯನ್ನು ಸೆರಗಿಗೆ ಸುರಿದುಕೊಂಡು ಹೋಗಿ ತೋಡಿಗೆ ಬಿಟ್ಟು ಬಂದಳು.

ಮುಂದಿನ ಚತುರ್ದಶಿಗೆ ಮಾವ ಕೈಯಾರೆ ಗಂಜಿ ಬಡಿಸಿ ತಂದರು. ಅಮ್ಮ ಬಟ್ಟಲು ಮುಟ್ಟಲಿಲ್ಲ. "ಸರಿ, ಕಥೆಯನ್ನಾದರೂ ಹೇಳು. ನಿನಗೆ ಬರುವಷ್ಟು," ಎಂದು ಪಕ್ಕದಲ್ಲಿ ಕೂತರು. ಅವರೂ ಅವತ್ತು ಉಂಡಿರಲಿಲ್ಲ.

ಅಮ್ಮ ಗೋಡೆಗೊರಗಿ ಕಣ್ಣು ಮುಚ್ಚಿ ಹೇಳಿದಳು. ಗಂಡ ಹಡಗು ಹತ್ತಿ ಹೋದ ಹುಡುಗಿ. ಅತ್ತೆ ಅವಳನ್ನು ಮುಸ್ಸಂಜೆಯಲ್ಲಿ ಹೊರಗೆ ಹಾಕಿದ್ದು. ಹಸಿದ ಹುಡುಗಿ ಕಾಡುದಾರಿ ಹಿಡಿದು ಬಸದಿಯವರೆಗೆ ಬಂದದ್ದು, ಮುಚ್ಚಿದ ಬಾಗಿಲನ್ನು ಬಡಿದದ್ದು. ಅಲ್ಲಿಗೆ ನಿಲ್ಲಿಸಿದಳು.

"ಬಾಗಿಲು ತೆರೆದರಾ?" ಎಂದು ಮಾವ ಕೇಳಿದರು.

"ಮುಂದಿನದ್ದು ಪೆಟ್ಟಿಗೆಯಲ್ಲಿತ್ತು ಅಣ್ಣ," ಎಂದಳು ಅಮ್ಮ.